ಕಡಲಿಗೆ ಬಿಡುವ ಕೆಲಸ

“ಚಿಕ್ಕಮ್ಮ, ಬರೋದಾದ್ರೆ ಆಗಸ್ಟಿಗೇ ಬಾ. ಬೇರೆ ತಿಂಗಳಲ್ಲಿ ಬಂದ್ರೆ ಇಲ್ಲಿ ಎಂತ ನಡೀತದೆ ಅಂತ ನಿಂಗೆ ಗೊತ್ತಾಗ್ಲಿಕ್ಕಿಲ್ಲ” ಅಂದಿದ್ದಳು ಅಕ್ಕನ ಮಗಳು. ಮಂಗಳೂರಿನ ಎಕ್ಕೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿ, ಅಲ್ಲಿಂದ ಅಲಾಸ್ಕಕ್ಕೆ ಹೋಗಿ ಮತ್ತೆ ಮೀನನ್ನೇ ಓದಿ, ಈಗ ರಸ್ತೆ ತಲುಪದ ದ್ವೀಪವೊಂದರ ಸಾಲ್ಮನ್ ಹ್ಯಾಚರಿಯಲ್ಲಿ ಕೆಲಸಕ್ಕಿದ್ದಾಳೆ. ಅವಳ ಕೆಲಸ ಏನೆಂದು ಮನೆಯಲ್ಲಿ ಯಾರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ. ಮೀನು ಸಾಕುತ್ತಾರೆ, ಬೆಳೆದ ಮೇಲೆ ಮಾರುತ್ತಾರೆ ಎಂಬಲ್ಲಿಗೆ ನಮ್ಮ ತಿಳಿವಳಿಕೆ ನಿಂತಿತ್ತು. ಅವಳು ಮಾಡುವುದು ಅದಲ್ಲ. ಕೋಟಿಗಟ್ಟಲೆ ಮೊಟ್ಟೆಗಳನ್ನು ಒಂಬತ್ತು ತಿಂಗಳು ಕಾದು, ಮರಿ ಮಾಡಿಸಿ, ಅವು ಬೆರಳುದ್ದ ಬೆಳೆಯುವ ಮೊದಲೇ ಕಡಲಿಗೆ ಬಿಟ್ಟುಬಿಡುವುದು. ಬಿಟ್ಟ ಮೇಲೆ ಅವು ಯಾರವೂ ಅಲ್ಲ.

ಆಂಕರೇಜ್‌ನಿಂದ ದಕ್ಷಿಣಕ್ಕೆ, ಟರ್ನಗೇನ್ ಆರ್ಮ್ ಎಂಬ ಉದ್ದನೆಯ ಹಿನ್ನೀರಿನ ಅಂಚು ಹಿಡಿದು ಸಾಗುವ ಹೆದ್ದಾರಿಯಿಂದ ಕವಲೊಡೆದ ದಾರಿ ಒಂದು ಬೆಟ್ಟದ ಬುಡಕ್ಕೆ ಬಂದು ನಿಲ್ಲುತ್ತದೆ. ಮುಂದೆ ಸುರಂಗ. ಉದ್ದ ನಾಲ್ಕು ಕಿಲೋಮೀಟರ್, ಅಗಲ ಒಂದು ವಾಹನ ಹಿಡಿಯುವಷ್ಟು, ನೆಲದಲ್ಲೇ ಹುದುಗಿದ ರೈಲು ಹಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲಿಗೆಂದು ಕೊರೆದದ್ದನ್ನು 2000ದಲ್ಲಿ ಕಾರುಗಳಿಗೂ ತೆರೆದರು. ಸ್ವಲ್ಪ ಹೊತ್ತು ಹೋಗುವವರಿಗೆ, ಸ್ವಲ್ಪ ಹೊತ್ತು ಬರುವವರಿಗೆ, ನಡುವೆ ರೈಲಿಗೆ. ಸರದಿ ಕಾದು ಒಳಹೊಕ್ಕು ಆಚೆ ಬಂದರೆ ವಿಟಿಯರ್. ಹದಿನಾಲ್ಕು ಮಹಡಿಯ ಒಂದೇ ಕಟ್ಟಡದಲ್ಲಿ ಊರಿನ ಬಹುಪಾಲು ಜನ ವಾಸವಾಗಿರುವ ಪುಟ್ಟ ಬಂದರು. ವರ್ಷಕ್ಕೆ ಸುಮಾರು 5,000 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ ಇದಕ್ಕಿಂತ ಹೆಚ್ಚು ಸುರಿದರೂ ಅದು ಮಳೆಗಾಲಕ್ಕೆ ಮುಗಿಯುತ್ತದೆ. ಗುಡುಗಿ ಸಿಡಿಲೆದ್ದು, ತನ್ನ ಸಿಟ್ಟು ತೀರಿಸಿಕೊಂಡು ಹೋಗುತ್ತದೆ. ಇಲ್ಲಿಯ ಮಳೆಗೆ ಋತುವಿಲ್ಲ. ಬೆಳಗಿನಿಂದ ಸಂಜೆವರೆಗೂ ಒಂದೇ ಹದದಲ್ಲಿ, ಎಲುಬಿಗೆ ಇಳಿಯುವ ತಂಪಿನಲ್ಲಿ ಬೀಳುತ್ತಲೇ ಇರುತ್ತದೆ.

ಅಲ್ಲಿಂದ ಹ್ಯಾಚರಿಗೆ ಸಾಮಾನು ಒಯ್ಯುವ ದೋಣಿ. ಈರುಳ್ಳಿ ಮೂಟೆ, ಹಾಲಿನ ಪುಡಿ, ಪಂಪಿನ ಬಿಡಿಭಾಗ, ಅಂಚೆಯ ಚೀಲ, ಅವುಗಳ ನಡುವೆ ನಾನು. ಪ್ರಿನ್ಸ್ ವಿಲಿಯಂ ಸೌಂಡ್ ಎಂದರೆ ಮೂರು ಕಡೆ ಹಿಮದ ಬೆಟ್ಟಗಳು ಸುತ್ತುವರಿದ, ದ್ವೀಪಗಳಿಂದ ತುಂಬಿದ ಕಡಲು. ಹಿಮನದಿಗಳು ನೇರ ನೀರಿಗೇ ಇಳಿಯುತ್ತವೆ. ಮುರಿದು ಬಿದ್ದ ಮಂಜುಗಡ್ಡೆಯ ತುಂಡುಗಳು ದೋಣಿಯ ಮಗ್ಗುಲಿಗೆ ತಾಗಿ ಹೋಗುತ್ತಿದ್ದವು. ಕಡಲ ನೀರುನಾಯಿಗಳು ಅಂಗಾತ ಮಲಗಿ, ಎದೆಯ ಮೇಲೆ ಮರಿಯನ್ನಿಟ್ಟುಕೊಂಡು ತೇಲುತ್ತಿದ್ದವು. ದಾರಿಯುದ್ದಕ್ಕೂ ಒಂದು ಮನೆ ಕಾಣಲಿಲ್ಲ. ಕರಾವಳಿಯವಳಾದ ನನಗೆ ಕಡಲೆಂದರೆ ದೋಣಿ, ದೀಪಸ್ತಂಭ, ಒಣಗಲು ಹರಡಿದ ಬಲೆ, ಬುಟ್ಟಿ ಹೊತ್ತು ಕೂಗುವ ಹೆಂಗಸರು. ಅದು ಯಾವುದೂ ಇಲ್ಲದ ಕಡಲಿನ ಮುಂದೆ ಮಾತು ಹೊರಡಲಿಲ್ಲ.

ಇವಾನ್ಸ್ ದ್ವೀಪದ ಸಾಮಿಲ್ ಬೇ ಕೊಲ್ಲಿಗೆ ತಿರುಗಿದಾಗ ಮೊದಲು ಬಂದದ್ದು ವಾಸನೆ, ಆಮೇಲೆ ಹಕ್ಕಿಗಳ ಗಲಾಟೆ, ಆಮೇಲೆ ನೀರಿನ ಸದ್ದು. ಮಳೆ ಹನಿಯ ಸದ್ದಲ್ಲ ಅದು, ಮೀನು ಹಾರಿ ಬೀಳುವ ಸದ್ದು. ಕೊಲ್ಲಿಯ ಒಳತುದಿ ಮೀನಿನ ಬೆನ್ನುಗಳಿಂದ ಕಪ್ಪಾಗಿತ್ತು. ಹದಿನೈದು ತಿಂಗಳ ಹಿಂದೆ ಇದೇ ನೀರಿನಿಂದ ಹೊರಟು, ಉತ್ತರ ಶಾಂತಸಾಗರದಲ್ಲಿ ಸಾವಿರಾರು ಕಿಲೋಮೀಟರ್ ಅಲೆದು, ಹುಟ್ಟಿದ ನೀರಿನ ವಾಸನೆ ಹಿಡಿದು ಮರಳಿದ ಗುಲಾಬಿ ಸಾಲ್ಮನ್‌ಗಳು. ಅಲಾಸ್ಕದ ಐದು ಬಗೆಯ ಸಾಲ್ಮನ್‌ಗಳಲ್ಲಿ ಇದು ಅತಿ ಚಿಕ್ಕದು, ಸಂಖ್ಯೆಯಲ್ಲಿ ಅತಿ ಹೆಚ್ಚು. ಆಯುಷ್ಯ ಕರಾರುವಾಕ್ಕಾಗಿ ಎರಡು ವರ್ಷ. ಹಾಗಾಗಿ ಸಮ ವರ್ಷದಲ್ಲಿ ಹುಟ್ಟಿದ ಸಂತತಿಯೂ ಬೆಸ ವರ್ಷದಲ್ಲಿ ಹುಟ್ಟಿದ ಸಂತತಿಯೂ ಒಂದೇ ಹೊಳೆಯವಾದರೂ ಎಂದೂ ಒಂದನ್ನೊಂದು ಕೂಡುವುದಿಲ್ಲ.

ದಡದಲ್ಲಿ ಹಳದಿ ರಬ್ಬರಿನ ಅಂಗಿ ತೊಟ್ಟು ನಿಂತಿದ್ದ ಹುಡುಗಿಯನ್ನು ಹತ್ತಿರ ಹೋಗುವವರೆಗೂ ಗುರುತಿಸಲಾಗಲಿಲ್ಲ. “ವಾಸನೆಗೆ ಎರಡು ದಿನದಲ್ಲಿ ಅಭ್ಯಾಸ ಆಗ್ತದೆ ಚಿಕ್ಕಮ್ಮ” ಎಂದು ನನ್ನ ಚೀಲ ಎತ್ತಿಕೊಂಡಳು. ಅವಳ ಕೈ ಹಿಡಿದೆ. ಅಂಗೈ ಪೂರಾ ಗಂಟುಗಟ್ಟಿತ್ತು.

ಈ ಜಾಗ ಮೊದಲು ಸಾಲ್ಮನ್ ಡಬ್ಬಿ ತುಂಬುವ ಕಾರ್ಖಾನೆಯಾಗಿತ್ತು. 1970ರ ದಶಕದ ಆರಂಭದಲ್ಲಿ ಅಲಾಸ್ಕದ ಸಾಲ್ಮನ್ ಹಿಡಿತ ಪಾತಾಳಕ್ಕೆ ಕುಸಿಯಿತು. ದಶಕಗಳ ಅತಿ ಮೀನುಗಾರಿಕೆ ಒಂದು ಕಾರಣವಾದರೆ ಮೇಲಿಂದ ಮೇಲೆ ಬಂದ ಕಟುಚಳಿ ಇನ್ನೊಂದು. ಬಲೆ ಹಾಕಿದವರಿಗೆ ಡೀಸೆಲಿನ ಖರ್ಚೂ ಹುಟ್ಟದ ಆ ದಿನಗಳಲ್ಲಿ, 1974ರಲ್ಲಿ, ಲಾಭಕ್ಕಲ್ಲದ ಸಂಘಗಳು ಹ್ಯಾಚರಿ ನಡೆಸಬಹುದೆಂದು ರಾಜ್ಯ ಕಾನೂನು ಮಾಡಿತು. ಅದೇ ವರ್ಷ ಕಾರ್ಡೋವಾ ಎಂಬ ಬಂದರಿನ ಮೀನುಗಾರರು ಸೇರಿ ಪ್ರಿನ್ಸ್ ವಿಲಿಯಂ ಸೌಂಡ್ ಅಕ್ವಾಕಲ್ಚರ್ ಕಾರ್ಪೊರೇಷನ್ ಕಟ್ಟಿದರು. ಅವರ ಮೊದಲ ಹ್ಯಾಚರಿ ಈ ಹಳೆಯ ಡಬ್ಬಿ ಕಾರ್ಖಾನೆಯಲ್ಲಿ ಶುರುವಾಯಿತು. ಈಗ ಅದಕ್ಕೆ ಆರ್ಮಿನ್ ಎಫ್. ಕೋರ್ನಿಗ್ ಹ್ಯಾಚರಿ ಎಂದು ಹೆಸರು. ನನಗೆ ಇಲ್ಲಿ ಬಹಳ ಹಿಡಿಸಿದ ಸಂಗತಿಯೆಂದರೆ ಇದನ್ನು ಕಟ್ಟಿದವರು ಮೀನು ಹಿಡಿಯುವವರೇ ಎಂಬುದು. ತಾವು ಹಿಡಿದ ಮೀನಿನ ಬೆಲೆಯಲ್ಲಿ ಒಂದು ಪಾಲನ್ನು ಇವತ್ತಿಗೂ ತೆರಿಗೆಯಾಗಿ ಈ ಕೆಲಸಕ್ಕೆ ಕೊಡುತ್ತಾರೆ. ಉಳಿದ ಖರ್ಚಿಗೆ ಹ್ಯಾಚರಿ ಮರಳಿ ಬಂದ ಮೀನಿನಲ್ಲಿ ಒಂದಷ್ಟನ್ನು ತಾನೇ ಹಿಡಿದು ಮಾರಿಕೊಳ್ಳುತ್ತದೆ.

ಇನ್ನು ದಿನದ ಕೆಲಸ. ಅದನ್ನು ಕಾಣಲೆಂದೇ ಹೋದದ್ದು, ಅದನ್ನೇ ನಿಧಾನವಾಗಿ ಹೇಳಬೇಕು.

ಬೆಳಗ್ಗೆ ಆರಕ್ಕೆಲ್ಲ ಅಡುಗೆಮನೆಯ ದೀಪ ಉರಿಯುತ್ತದೆ. ವರ್ಷವಿಡೀ ಇಲ್ಲಿರುವವರು ಕೆಲವೇ ಮಂದಿ. ಆಗಸ್ಟ್, ಸೆಪ್ಟೆಂಬರಿಗೆ ಮಾತ್ರ ಕಾಲೇಜು ಹುಡುಗ ಹುಡುಗಿಯರು, ದೇಶ ಸುತ್ತುವವರು, ನಿವೃತ್ತರಾದ ಮೇಲೂ ಮನೆಯಲ್ಲಿ ಕೂರಲಾಗದವರು ಬಂದು ಸೇರುತ್ತಾರೆ. ಮೊಟ್ಟೆ, ಆಲೂಗಡ್ಡೆ, ಲೀಟರುಗಟ್ಟಲೆ ಕಾಫಿ. ಆಮೇಲೆ ಎಲ್ಲರೂ ಬಾಗಿಲ ಬಳಿ ಸಾಲಾಗಿ ಕೂತು ಎಕ್ಸ್‌ಟ್ರಾಟಫ್ ಎಂಬ ಕಂದು ರಬ್ಬರ್ ಬೂಟು ಏರಿಸುತ್ತಾರೆ. ಈ ಬೂಟು ಅಲಾಸ್ಕದ ಕರಾವಳಿಯಲ್ಲಿ ಎಲ್ಲರ ಕಾಲಲ್ಲೂ ಇರುತ್ತದೆ. ಮದುವೆಗೂ ಇದನ್ನೇ ಹಾಕಿಕೊಂಡು ಹೋಗುತ್ತಾರಂತೆ. ರಬ್ಬರಿನ ಪ್ಯಾಂಟು, ರಬ್ಬರಿನ ಅಂಗಿ, ಎರಡು ಜೊತೆ ಕೈಗವಸು.

ಹ್ಯಾಚರಿಯ ಒಳಗಿಂದ ಹರಿದು ಬರುವ ಸಿಹಿನೀರು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಕೊಲ್ಲಿಗೆ ಸೇರುತ್ತದೆ. ಆ ನೀರಿನ ಎದುರಿಗೆ ಹಾರುತ್ತ ಮೀನು ತಾನಾಗಿ ಮೇಲೇರಿ ಸಿಮೆಂಟಿನ ಉದ್ದ ತೊಟ್ಟಿಗಳಿಗೆ ಬರುತ್ತದೆ. ಯಾರೂ ಅಟ್ಟುವುದಿಲ್ಲ, ಯಾರೂ ಎಳೆಯುವುದಿಲ್ಲ. ಇಷ್ಟು ಹೊತ್ತಿಗೆ ಅದರ ಮೈ ಬೆಳ್ಳಿಯ ಬಣ್ಣ ಕಳೆದುಕೊಂಡಿರುತ್ತದೆ. ಗಂಡಿನ ಬೆನ್ನಿನಲ್ಲಿ ದೊಡ್ಡ ಗೂನು ಎದ್ದು, ಮೂತಿ ಕೊಕ್ಕೆಯಂತೆ ಬಾಗಿರುತ್ತದೆ. ಹೊಟ್ಟೆಯೊಳಗೆ ಕರುಳು ಬಾಡಿ, ಇನ್ನು ತಿನ್ನುವ ಪ್ರಶ್ನೆಯೇ ಇಲ್ಲ. ಮೊಟ್ಟೆಯಿಟ್ಟ ಮೇಲೆ ಕೆಲವೇ ದಿನಗಳಲ್ಲಿ ಎಲ್ಲಿದ್ದರೂ ಸಾಯುವ ಮೀನು ಇದು. ಕಾಡಿನ ಹೊಳೆಯಲ್ಲಿ ಸತ್ತರೆ ಕರಡಿಗೆ, ಹದ್ದಿಗೆ, ಮರದ ಬೇರಿಗೆ ಆಗುತ್ತದೆ. ಇಲ್ಲಿ ಮನುಷ್ಯನ ಕೈಯಲ್ಲಿ ಎರಡು ದಿನ ಮುಂಚೆ ಸಾಯುತ್ತದೆ. ಇದನ್ನು ನನಗೆ ನಾನೇ ಹಲವು ಬಾರಿ ಹೇಳಿಕೊಂಡೆ. ಆದರೂ ಮೊದಲ ಬೆಳಿಗ್ಗೆ ಅಲ್ಲಿ ನಿಲ್ಲುವುದು ಸುಲಭವಾಗಲಿಲ್ಲ.

ವಿದ್ಯುತ್ ಹರಿಸಿ ಪ್ರಜ್ಞೆ ತಪ್ಪಿಸಿದ ಮೀನುಗಳು ಮೇಜಿನ ಮೇಲೆ ಜಾರಿ ಬರುತ್ತವೆ. ಮೊದಲು ನಿಂತವಳು ಗಂಡು ಹೆಣ್ಣು ಬೇರೆ ಮಾಡುತ್ತಾಳೆ, ಹೆಣ್ಣಿನ ಹೊಟ್ಟೆ ಮುಟ್ಟಿ ಹದವಾಗಿದೆಯೋ ಇಲ್ಲವೋ ಹೇಳುತ್ತಾಳೆ. ಹದವಾದ ಹೊಟ್ಟೆ ಮೆತ್ತಗಿರುತ್ತದೆ, ಮೊಟ್ಟೆಗಳು ಒಳಗೇ ಬಿಡಿಬಿಡಿಯಾಗಿ ಸರಿದಾಡುತ್ತವೆ. ಮುಂದಿನವನ ಕೈಯಲ್ಲಿ ಕೊಕ್ಕೆಯಂಥ ಚಿಕ್ಕ ಚೂರಿ. ಕೆಳಗಿನಿಂದ ಮೇಲಕ್ಕೆ ಒಂದೇ ಗೀರು. ಕಿತ್ತಳೆ ಬಣ್ಣದ ಮೊಟ್ಟೆಗಳು ಬಕೆಟಿಗೆ ಸುರಿಯುತ್ತವೆ. ಒಂದು ಹೆಣ್ಣಿನಲ್ಲಿ ಸುಮಾರು 1,500ರಿಂದ 2,000. ಪಕ್ಕದಲ್ಲೇ ಇನ್ನೊಬ್ಬ ಗಂಡು ಮೀನನ್ನು ಕಂಕುಳಿಗೆ ಅಮುಕಿ ಹಿಡಿದು ಹೊಟ್ಟೆ ನೀವಿದರೆ ಹಾಲಿನಂಥ ವೀರ್ಯ ಚಿಮ್ಮುತ್ತದೆ. ಒಂದು ಬಕೆಟಿಗೆ ಹಲವು ತಾಯಂದಿರು, ಹಲವು ತಂದೆಯರು. ಒಂದೇ ಗಂಡನ್ನು ನೆಚ್ಚಿದರೆ ಸಂತತಿಯ ವೈವಿಧ್ಯ ಹೋಗುತ್ತದೆ.

ಇಷ್ಟೆಲ್ಲ ಆಗುವವರೆಗೆ ಬಕೆಟಿಗೆ ಒಂದು ಹನಿ ನೀರು ಬೀಳಬಾರದು. ಸುರಿಯುವ ಮಳೆಯ ನಾಡಿನಲ್ಲಿ ಈ ಒಂದು ಮೇಜಿನ ಮೇಲೆ ಮಾತ್ರ ನೀರಿಗೆ ಇಷ್ಟು ಭಯ. ಏಕೆಂದರೆ ನೀರು ತಾಗಿದೊಡನೆ ವೀರ್ಯಾಣು ಎಚ್ಚೆತ್ತು ಓಡತೊಡಗುತ್ತದೆ, ಅದರ ಓಟ ಒಂದು ನಿಮಿಷವೂ ಇರುವುದಿಲ್ಲ. ಮೊಟ್ಟೆಯ ಮೈಯಲ್ಲಿರುವ ಸೂಜಿಮೊನೆಯಷ್ಟು ರಂಧ್ರವೂ ನೀರು ಹೀರುತ್ತಲೇ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಎಲ್ಲ ಸಿದ್ಧವಾದ ಮೇಲೆ ಅಕ್ಕನ ಮಗಳು ನೀರು ಹೊಯ್ದು ಅಂಗೈಯಿಂದ ಒಮ್ಮೆ, ಎರಡು ಸಲ, ಮೆಲ್ಲನೆ ತಿರುವುತ್ತಾಳೆ. ಗಂಟುಗಟ್ಟಿದ ಅದೇ ಕೈ. ಅಷ್ಟು ಹೊತ್ತಿನ ಗದ್ದಲದ ನಡುವೆ ಅವಳ ಕೈ ಮಾತ್ರ ಯಾವ ಅವಸರವೂ ಇಲ್ಲದ ಹಾಗೆ ಚಲಿಸುವುದನ್ನು ನಾನು ಪ್ರತಿ ಸಲವೂ ನೋಡುತ್ತ ನಿಲ್ಲುತ್ತಿದ್ದೆ.

ಈ ಒಂದು ಹ್ಯಾಚರಿ ಒಂದು ಋತುವಿನಲ್ಲಿ ಹದಿನೈದು ಕೋಟಿಗೂ ಮೇಲ್ಪಟ್ಟು ಮೊಟ್ಟೆ ಕೂಡಿಸುತ್ತದೆ. ಲೆಕ್ಕ ಹಾಕಿದರೆ ಲಕ್ಷದ ಹತ್ತಿರ ಹೆಣ್ಣು ಮೀನು, ಕೆಲವೇ ವಾರಗಳಲ್ಲಿ. ಮಧ್ಯಾಹ್ನದ ಹೊತ್ತಿಗೆ ಮಾತು ನಿಲ್ಲುತ್ತದೆ, ಬೆರಳು ಮರಗಟ್ಟುತ್ತದೆ, ಧ್ವನಿವರ್ಧಕದ ಹಾಡೊಂದೇ ಉಳಿಯುತ್ತದೆ. ರಾತ್ರಿ ಮಲಗಿದರೆ ಮಣಿಕಟ್ಟು ನೋವಿನಿಂದ ಎಚ್ಚರಾಗುವವರಿದ್ದಾರೆ. ಅತಿಥಿಯಾದ ನನಗೆ ಚೂರಿ ಕೊಡಲಿಲ್ಲ. ಬಕೆಟ್ ತೊಳೆಯುವುದನ್ನು ನಾನೇ ಕೇಳಿ ಪಡೆದೆ. ತೊಳೆದ ಬಕೆಟನ್ನು ಒರೆಸಿ ಒಣಗಿಸದೆ ಯಾರೂ ಮುಟ್ಟುವುದಿಲ್ಲವಾದ್ದರಿಂದ ಅದೂ ಸಣ್ಣ ಕೆಲಸವೆನಿಸಲಿಲ್ಲ.

ಕೂಡಿದ ಮೊಟ್ಟೆಗಳನ್ನು ಅಯೋಡಿನ್ ದ್ರಾವಣದಲ್ಲಿ ತೊಳೆದು ಒಳಗಿನ ಕತ್ತಲೆ ಕೋಣೆಗೆ ಒಯ್ಯುತ್ತಾರೆ. ಸಾಲು ಸಾಲು ದೊಡ್ಡ ಪೆಟ್ಟಿಗೆಗಳು, ಪ್ರತಿಯೊಂದರ ಕೆಳಗಿನಿಂದ ಮೇಲಕ್ಕೆ ಬೆಟ್ಟದ ಕೆರೆಯ ನೀರು ಹಾಯುತ್ತಿರುತ್ತದೆ. ಮೊದಲ ದಿನ ಕಳೆದರೆ ಮೊಟ್ಟೆ ಬಹಳ ನಾಜೂಕು. ಆಮೇಲೆ ವಾರಗಟ್ಟಲೆ, ಒಳಗೆ ಎರಡು ಕಪ್ಪು ಕಣ್ಣು ಮೂಡುವವರೆಗೂ, ಪೆಟ್ಟಿಗೆಯನ್ನು ಕದಲಿಸುವಂತಿಲ್ಲ. ಕಣ್ಣು ಮೂಡಿದ ಮೇಲೆ ಬೇಕೆಂದೇ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಸುರಿದು ಅಲುಗಿಸುತ್ತಾರೆ. ಜೀವವಿಲ್ಲದವು ಆಗ ಬಿಳಿಚಿಕೊಳ್ಳುತ್ತವೆ. ಅವನ್ನು ಆರಿಸಿ ತೆಗೆಯದಿದ್ದರೆ ಬೂಸ್ಟು ಹಿಡಿದು ಜೀವಂತ ಮೊಟ್ಟೆಗೂ ಹರಡುತ್ತದೆ.

ಈ ಕೋಣೆಯಲ್ಲಿ ಕಾಲವನ್ನು ದಿನದಲ್ಲಿ ಎಣಿಸುವುದಿಲ್ಲ. ನೀರು ಐದು ಡಿಗ್ರಿ ಇದ್ದು ಹತ್ತು ದಿನ ಕಳೆದರೆ ಐವತ್ತು; ಹತ್ತು ಡಿಗ್ರಿಯಿದ್ದರೆ ಐದೇ ದಿನಕ್ಕೆ ಐವತ್ತು. ಹೀಗೆ ಕೂಡಿಟ್ಟ ಶಾಖದ ಲೆಕ್ಕದ ಮೇಲೆ ಯಾವ ಪೆಟ್ಟಿಗೆ ಯಾವಾಗ ಒಡೆಯುತ್ತದೆಂದು ಹೇಳುತ್ತಾರೆ. ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಮರಿಯ ತಲೆಯೊಳಗೆ ಕಿವಿಯ ಬಳಿ ಒಂದು ಪುಟಾಣಿ ಕಲ್ಲು ಬೆಳೆಯುತ್ತಿರುತ್ತದೆ. ಮೊಟ್ಟೆಯಲ್ಲಿರುವಾಗಲೇ ನೀರಿನ ಶಾಖವನ್ನು ಗೊತ್ತಾದ ಅಂತರದಲ್ಲಿ ಕೆಲವು ಡಿಗ್ರಿ ಏರಿಸಿ ಇಳಿಸಿದರೆ ಆ ಕಲ್ಲಿನಲ್ಲಿ ಕಪ್ಪು ಗೆರೆಗಳು ಮೂಡುತ್ತವೆ. ಪ್ರತಿ ಹ್ಯಾಚರಿಗೂ ತನ್ನದೇ ಗೆರೆಗಳ ವಿನ್ಯಾಸ. ಎರಡು ವರ್ಷದ ನಂತರ ಎಲ್ಲೋ ಸಿಕ್ಕ ಮೀನಿನ ತಲೆ ಸೀಳಿ, ಕಲ್ಲನ್ನು ಉಜ್ಜಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ಹೊಳೆಯದೋ ಹ್ಯಾಚರಿಯದೋ, ಹ್ಯಾಚರಿಯದಾದರೆ ಯಾವುದರದ್ದು ಎಂದು ಹೇಳಬಹುದು.

ಸಂಜೆ ಕೆಲಸ ಮುಗಿದ ಮೇಲೂ ಕೋಣೆಗೆ ಕಾವಲಿದೆ. ನೀರು ನಿಂತರೆ ಮೊಟ್ಟೆಗಳಿಗೆ ಉಸಿರಿಲ್ಲ. ಎಚ್ಚರಿಕೆಯ ಗಂಟೆ ಇದ್ದರೂ ರಾತ್ರಿಪಾಳಿಯವರು ಟಾರ್ಚು ಹಿಡಿದು ಸುತ್ತು ಹೊಡೆಯುತ್ತಾರೆ. ಒಂದು ರಾತ್ರಿ ನಾನೂ ಅಕ್ಕನ ಮಗಳ ಜೊತೆ ಹೋದೆ. ಅವಳು ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ನೀರಿನ ಸದ್ದು ಒಂದು ಕಡೆ ಸ್ವಲ್ಪ ತೆಳುವಾದರೂ ತಲೆ ಎತ್ತುತ್ತಾಳೆ. “ನಿದ್ದೆಯಲ್ಲೂ ಇದೇ ಕೇಳ್ತಾ ಇರ್ತೇನೆ, ಊರಿಗೆ ಬಂದಾಗ ಸದ್ದಿಲ್ದೆ ನಿದ್ದೆ ಬರ್ಲಿಲ್ಲ” ಅಂದಳು. ಅವಳ ಅಮ್ಮ ಆ ರಜೆಯಲ್ಲಿ ಮಗಳು ಸೊರಗಿದ್ದಾಳೆಂದು ವೈದ್ಯರ ಬಳಿಗೆ ಕರೆದೊಯ್ದಿದ್ದು ನನಗೆ ನೆನಪಾಯಿತು.

ಕೊಲ್ಲಿಯಲ್ಲಿ ಕಟ್ಟಿದ ತಡೆಬಲೆಯ ಆಚೆ ಸ್ಟೆಲ್ಲರ್ ಕಡಲಸಿಂಹಗಳು ಇರುಳೆಲ್ಲ ಬೇಟೆಯಾಡುತ್ತವೆ. ಗಂಡು ಒಂದು ಟನ್ನಿನವರೆಗೂ ತೂಗುವ ಪ್ರಾಣಿ. ಉಸಿರು ಬಿಟ್ಟರೆ ಕೋಣೆಯವರೆಗೂ ಕೇಳಿಸುತ್ತದೆ. ಅವುಗಳನ್ನು ಮುಟ್ಟುವಂತಿಲ್ಲ, 1972ರ ಕಾಯ್ದೆ ಎಲ್ಲ ಕಡಲ ಸಸ್ತನಿಗಳಿಗೂ ರಕ್ಷಣೆ ಕೊಟ್ಟಿದೆ, ಸ್ಟೆಲ್ಲರ್‌ನ ಪಶ್ಚಿಮ ಸಂತತಿ ಅಳಿವಿನಂಚಿನ ಪಟ್ಟಿಯಲ್ಲಿಯೂ ಇದೆ. ಹಾಗಾಗಿ ವರ್ಷವೆಲ್ಲ ದುಡಿದು ತರಿಸಿಕೊಂಡ ಮೀನನ್ನು ಕಣ್ಣೆದುರೇ ಅವು ನುಂಗುತ್ತಿದ್ದರೂ ಜನ ಸುಮ್ಮನೆ ನೋಡುತ್ತಾರೆ. ಯಾರ ಬಾಯಲ್ಲೂ ಒಂದು ಬೈಗುಳ ನಾನು ಕೇಳಲಿಲ್ಲ.

ರಾತ್ರಿಯೂಟಕ್ಕೆ ಒಂದು ದಿನ ನಾವಿಬ್ಬರೂ ಒಲೆ ಹಿಡಿದೆವು. ಕೋಹೋ ಸಾಲ್ಮನ್ ಕೊಬ್ಬಿನ ಮೀನು. ಬ್ಯಾಡಗಿ ಮೆಣಸು, ಹುಣಸೆ, ಬೆಳ್ಳುಳ್ಳಿ ಅರೆದು ಪುಳಿಮುಂಚಿ ಮಾಡಿದರೆ ಬಂಗುಡೆಯ ರುಚಿ ಬರುವುದಿಲ್ಲ, ಆದರೆ ಬೇರೆಯೇ ಒಂದು ರುಚಿ ಬರುತ್ತದೆ. ಮೆಣಸಿಗೆ ಕಣ್ಣೀರು ಸುರಿಸುತ್ತಲೇ ಎಲ್ಲರೂ ಪಾತ್ರೆ ಬರಿದು ಮಾಡಿದರು.

ಕೊಲ್ಲಿಯ ಇನ್ನೊಂದು ಅಂಚಿನಲ್ಲಿ ಚೆನೀಗಾ ಎಂಬ ಹಳ್ಳಿಯಿದೆ. ಸುಗ್‌ಪಿಯಾಕ್ ಮೂಲನಿವಾಸಿಗಳ ಊರು. ಅವರ ಹಳೆಯ ಊರು ಇದಲ್ಲ, ಪಕ್ಕದ ಚೆನೀಗಾ ದ್ವೀಪದಲ್ಲಿತ್ತು. 1964ರ ಮಾರ್ಚ್ 27, ಗುಡ್ ಫ್ರೈಡೆಯ ಸಂಜೆ 9.2 ತೀವ್ರತೆಯ ಭೂಕಂಪದ ಹಿಂದೆಯೇ ಎದ್ದ ಅಲೆ ಆ ಊರನ್ನು ಗುಡಿಸಿಕೊಂಡು ಹೋಯಿತು. ಮೂರರಲ್ಲೊಂದು ಪಾಲು ಜನ ಹೋದರು. ಉಳಿದವರು ಬೇರೆ ಬೇರೆ ಊರುಗಳಲ್ಲಿ ಇಪ್ಪತ್ತು ವರ್ಷ ಕಳೆದು, 1984ರಲ್ಲಿ ಇಲ್ಲಿ ಮತ್ತೆ ಊರು ಕಟ್ಟಿದರು. ಐದೇ ವರ್ಷದಲ್ಲಿ, 1989ರ ಮಾರ್ಚ್ 24ರಂದು, ಅದೂ ಗುಡ್ ಫ್ರೈಡೆಯೇ, ಎಕ್ಸನ್ ವಾಲ್ಡೀಜ್ ಹಡಗು ಬ್ಲೈ ದಿಬ್ಬಕ್ಕೆ ಬಡಿಯಿತು. ನಾಲ್ಕು ಕೋಟಿ ಲೀಟರಿನಷ್ಟು ಕಚ್ಚಾ ಎಣ್ಣೆ ಈ ಕಡಲಿಗೆ ಸುರಿಯಿತು.

ಮಾರ್ಚ್ ಕೊನೆಯೆಂದರೆ ಹ್ಯಾಚರಿಯಲ್ಲಿ ಮರಿಗಳು ಪೆಟ್ಟಿಗೆ ಬಿಟ್ಟು ಕಡಲಿನ ಬಲೆಪಂಜರಗಳಿಗೆ ಇಳಿಯುವ ಹೊತ್ತು. ಎಣ್ಣೆ ಸಾಮಿಲ್ ಬೇಯ ಬಾಯಿಗೆ ಬಂದರೆ ಎಲ್ಲ ಮುಗಿದಂತೆ. ಕಾರ್ಡೋವಾದ ಮೀನುಗಾರರು ಯಾರ ಆದೇಶಕ್ಕೂ ಕಾಯದೆ ತಮ್ಮ ದೋಣಿಗಳಲ್ಲಿ ಬಂದರು. ಕೊಲ್ಲಿಯ ಬಾಯಿಗೆ ಅಡ್ಡಲಾಗಿ ತೇಲುತಡೆಗಳನ್ನು ಸಾಲು ಸಾಲಾಗಿ ಕಟ್ಟಿದರು, ಹಗಲು ರಾತ್ರಿ ಅವುಗಳನ್ನು ಎಳೆದು ಹಿಡಿದು ನಿಂತರು, ಎಣ್ಣೆಯನ್ನು ಬಕೆಟಿನಲ್ಲಿ ಮೊಗೆದರು. ಹ್ಯಾಚರಿ ಉಳಿಯಿತು. ಕೊಲ್ಲಿಯ ಬಾಯಲ್ಲಿ ನಿಂತು ಆ ಅಗಲವನ್ನು ಕಣ್ಣಳತೆಯಲ್ಲಿ ನೋಡಿದಾಗ, ಮೀನು ಹಿಡಿಯುವವರು ಬೆರಳುಗುರಿನಷ್ಟು ಮರಿಗಳಿಗಾಗಿ ಈ ಚಳಿನೀರಿನಲ್ಲಿ ನಿದ್ದೆಗೆಟ್ಟದ್ದು ನನ್ನ ಎದೆ ತುಂಬಿತು. ಅವರ ಹೆಸರು ಯಾವ ಫಲಕದಲ್ಲಿ ಇದೆಯೋ ಇಲ್ಲವೋ, ನಾನು ಅಲ್ಲಿ ಕೈ ಮುಗಿದೆ.

ಚಳಿಗಾಲವನ್ನು ನಾನು ಕಾಣಲಿಲ್ಲ, ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ. ಅಕ್ಟೋಬರಿಗೆ ಹುಡುಗರೆಲ್ಲ ಹೋಗುತ್ತಾರೆ. ಡಿಸೆಂಬರಿನಲ್ಲಿ ಹಗಲು ಐದಾರು ಗಂಟೆ. ಛಾವಣಿಯ ಹಿಮ ಎಳೆದು ಹಾಕುವುದು, ಕೊಳವೆಯ ಬಾಯಿಗೆ ಕಟ್ಟಿದ ಮಂಜು ಒಡೆಯುವುದು, ಬಲೆ ಹೆಣೆಯುವುದು. ಹವಾಮಾನ ಕೆಟ್ಟರೆ ನೀರಿನ ಮೇಲಿಳಿಯುವ ವಿಮಾನ ವಾರಗಟ್ಟಲೆ ಬಾರದು, ಕಾಗದವೂ ಬಾರದು, ತರಕಾರಿಯೂ ಬಾರದು. ಒಳಗೆ ಕತ್ತಲಲ್ಲಿ ಮೊಟ್ಟೆ ಒಡೆದು, ಹೊಟ್ಟೆಗಂಟಿದ ಹಳದಿ ಚೀಲವನ್ನೇ ಉಣ್ಣುತ್ತ ಮರಿಗಳು ಕೂತಿರುತ್ತವೆ. ಚೀಲ ಬರಿದಾದ ಮೇಲೆ, ಮಾರ್ಚ್ ಏಪ್ರಿಲಿನ ಇರುಳುಗಳಲ್ಲಿ, ತಾವಾಗಿ ಮೇಲೆದ್ದು ಹರಿವಿನ ಜೊತೆ ಹೊರಡುತ್ತವೆ. ಕೊಳವೆಯೊಳಗೆ ಎಣಿಸುವ ಯಂತ್ರ ದಾಟಿ ಕೊಲ್ಲಿಯ ಬಲೆಪಂಜರಕ್ಕೆ ಬೀಳುತ್ತವೆ. ಅಲ್ಲಿ ಕೆಲವು ವಾರ ದಿನಕ್ಕೆ ಹಲವು ಸಲ ಕೈತುಂಬ ಮೇವು. ಜೊತೆಗೆ ಸಣ್ಣ ಕಣ್ಣಿನ ಬಲೆಯನ್ನು ಕಡಲಲ್ಲಿ ಇಳಿಬಿಟ್ಟು ತೇಲುಜೀವಿಗಳು ಎಷ್ಟಿವೆಯೆಂದು ಅಳೆಯುತ್ತಾರೆ. ವಸಂತದ ಬಿಸಿಲಿಗೆ ಅವು ಉಕ್ಕಿದ ಹೊತ್ತಿಗೆ ಸರಿಯಾಗಿ ಪಂಜರ ಬಿಚ್ಚುತ್ತಾರೆ. ಕಾಡಿನ ಹೊಳೆಯಲ್ಲಿ ನೂರು ಮೊಟ್ಟೆಯಿಟ್ಟರೆ ಹತ್ತರ ಆಸುಪಾಸು ಮರಿಯಾಗುವಲ್ಲಿ, ಇಲ್ಲಿ ತೊಂಬತ್ತರ ಹತ್ತಿರ ಆಗುತ್ತದೆ. ಮನುಷ್ಯನ ಕೈ ಕಾಯಬಲ್ಲದ್ದು ಅಷ್ಟನ್ನೇ. ಬಿಟ್ಟ ನೂರು ಮರಿಯಲ್ಲಿ ಮರಳಿ ಬರುವುದು ಸಾಮಾನ್ಯವಾಗಿ ಮೂರೋ ಐದೋ.

ಬಂದ ಮೀನು ಕೊಲ್ಲಿಯ ಹೊರಗೆ ಪರ್ಸೀನ್ ಬಲೆ ಹಾಕುವವರಿಗೆ ಸಿಗುತ್ತದೆ. ಪರವಾನಗಿ ಇರುವ ಯಾರು ಬೇಕಾದರೂ ಹಿಡಿಯಬಹುದು. ಅಲಾಸ್ಕದ ಸಂವಿಧಾನ ಮೀನನ್ನು ಜನರ ಸಾಮಾನ್ಯ ಸೊತ್ತೆಂದು ಹೇಳುತ್ತದೆ. ಪಂಜರದಲ್ಲೇ ಕೊನೆತನಕ ಸಾಕಿ ಮಾರುವ ಸಾಲ್ಮನ್ ಕೃಷಿಯನ್ನು ರಾಜ್ಯ 1990ರಲ್ಲಿ ನಿಷೇಧಿಸಿತು. ನಾರ್ವೆ, ಚಿಲಿಯ ಸಾಕುಸಾಲ್ಮನ್ ಪೇಟೆಯನ್ನು ತುಂಬಿ ಬೆಲೆ ಕುಸಿದಾಗಲೂ ಈ ಜನ ಪಂಜರದ ಬಾಗಿಲು ತೆರೆದೇ ಇಟ್ಟರು. ತನ್ನ ಬೆವರಿನ ಫಲವನ್ನು ಬೇಲಿಯಿಲ್ಲದ ಕಡಲಿಗೆ ಬಿಟ್ಟು, ಯಾರಿಗೆ ಸಿಗುತ್ತದೋ ಸಿಗಲಿ ಎಂದು ದುಡಿಯುವ ವ್ಯವಸ್ಥೆ ಈ ಕಾಲದಲ್ಲಿ ಐವತ್ತು ವರ್ಷ ನಡೆದು ಬಂದಿದೆ ಎಂಬುದನ್ನು ನಾನು ದೊಡ್ಡ ಸಂಗತಿಯೆಂದೇ ತಿಳಿಯುತ್ತೇನೆ.

ಹಾಗೆಂದು ಕಡಲಿಗೆ ಅಳತೆಯಿಲ್ಲವೇ? ಈ ಪ್ರಶ್ನೆ ಎತ್ತಿದ್ದು ನಾನಲ್ಲ, ಅವಳೇ. ಬಟ್ಟೆ ಒಣಗಿಸುವ ಕೋಣೆಯಲ್ಲಿ, ಹೀಟರಿನ ಮುಂದೆ ಕೈ ಚಾಚಿ ಕೂತಿದ್ದಾಗ. ಅಲಾಸ್ಕದ ಹ್ಯಾಚರಿಗಳು ಸೇರಿ ವರ್ಷಕ್ಕೆ ನೂರೈವತ್ತು ಕೋಟಿಗೂ ಹೆಚ್ಚು ಮರಿ ಬಿಡುತ್ತವೆ. ಜಪಾನ್, ರಷ್ಯಾ ಎಲ್ಲವೂ ಕೂಡಿದರೆ ಐನೂರು ಕೋಟಿಯ ಹತ್ತಿರ. ಎಲ್ಲವೂ ಮೇಯುವುದು ಅದೇ ಉತ್ತರ ಶಾಂತಸಾಗರವನ್ನು. 2014ರಲ್ಲಿ ಅಲನ್ ಸ್ಪ್ರಿಂಗರ್ ಮತ್ತು ಗಸ್ ವಾನ್ ವ್ಲಿಯೆಟ್ ಎಂಬ ವಿಜ್ಞಾನಿಗಳು, ಗುಲಾಬಿ ಸಾಲ್ಮನ್ ತುಂಬಿರುವ ವರ್ಷಗಳಲ್ಲಿ ಬೇರಿಂಗ್ ಸಮುದ್ರದ ಕಡಲಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವುದು ಸೊರಗುತ್ತದೆಂದು ತೋರಿಸಿದರು. ಇಬ್ಬರ ಮೇವೂ ಬಹುಮಟ್ಟಿಗೆ ಒಂದೇ. ಇನ್ನೊಂದು ಚಿಂತೆ ಕಾಡಿನ ಹೊಳೆಗಳದ್ದು. ಹ್ಯಾಚರಿಯ ಮೀನು ಕೆಲವು ದಾರಿ ತಪ್ಪಿ ಹೊಳೆಗಳಿಗೆ ಹತ್ತಿ ಅಲ್ಲಿಯ ಮೀನಿನೊಡನೆ ಕೂಡುತ್ತವೆ. ಈ ಸೌಂಡ್‌ನ ಹೊಳೆಗಳಲ್ಲಿ ನಡೆದ ಅಧ್ಯಯನದಲ್ಲಿ, ಹಾಗೆ ಬಂದ ಗುಲಾಬಿ ಸಾಲ್ಮನ್‌ಗಳಿಗೆ ಅಲ್ಲೇ ಹುಟ್ಟಿದವುಗಳಿಗಿಂತ ಕಡಿಮೆ ಮಕ್ಕಳು ಉಳಿಯುವುದು ಕಂಡುಬಂದಿದೆ. ಬೆರಕೆ ಹೆಚ್ಚಾದರೆ ಹೊಳೆಯ ಸಂತತಿಯೇ ದುರ್ಬಲವಾಗಬಹುದು.

ದೋಣಿಯವರು ಇದನ್ನು ಸುಲಭದಲ್ಲಿ ಒಪ್ಪುವುದಿಲ್ಲ. ಸಾಮಾನು ಇಳಿಸಲು ಬಂದಿದ್ದ ಒಬ್ಬ ಹಿರಿಯ ಮೀನುಗಾರ, ಹ್ಯಾಚರಿ ಇಲ್ಲದ ಎಪ್ಪತ್ತರ ದಶಕದ ಆರಂಭವನ್ನು ಕಂಡವನು, ಕಡಲಿನಲ್ಲಿ ಹರಡುವ, ಬ್ಲಾಬ್ ಎಂದು ಕರೆಯುವ ಬಿಸಿನೀರಿನ ರಾಶಿಗಳ ಕಥೆ ಹೇಳಿದ. ಕಡಲು ಬಿಸಿಯಾಗಿ ಮೇವು ಸತ್ತದ್ದನ್ನು ಸಾಲ್ಮನ್ ತಲೆಗೆ ಕಟ್ಟಬೇಡಿ ಎಂದ. ಅವನ ಮಾತಿನಲ್ಲೂ ಹುರುಳಿದೆ. ಎರಡು ಕಾರಣಗಳು ಒಟ್ಟಿಗೇ ಕೆಲಸ ಮಾಡುವಾಗ ಒಂದನ್ನು ಬಿಡಿಸಿ ತೆಗೆಯುವುದು ಕಷ್ಟ. ಆದರೆ ನನಗೆ ಅನಿಸುವುದನ್ನು ನಾನು ಮರೆಮಾಚಲಾರೆ: ಎಲ್ಲರದ್ದೂ ಆದ ಹುಲ್ಲುಗಾವಲಿಗೆ ಮಂದೆ ಬಿಡುವವನು ಹುಲ್ಲಿನ ಲೆಕ್ಕವನ್ನೂ ಇಡಬೇಕು. ಮರಿಯ ಸಂಖ್ಯೆ ಇನ್ನಷ್ಟು ಏರಿಸುವ ಮೊದಲು ಆ ಲೆಕ್ಕ ಮುಗಿಯಲಿ.

ಅಕ್ಕನ ಮಗಳು ವಾದಕ್ಕೆ ನಿಲ್ಲಲಿಲ್ಲ. ಮುಂದಿನ ವರ್ಷ ಮೊಟ್ಟೆಯ ಕೆಲಸ ಬಿಟ್ಟು, ಹೊಳೆ ಸಮೀಕ್ಷೆಯ ತಂಡ ಸೇರಲು ಅರ್ಜಿ ಹಾಕಿದ್ದಾಳಂತೆ. ಆಗಸ್ಟಿನಿಂದ ಸೆಪ್ಟೆಂಬರಿನವರೆಗೆ ದೋಣಿಯಲ್ಲಿ ಹೊಳೆಯಿಂದ ಹೊಳೆಗೆ ಹೋಗಿ, ಮೊಣಕಾಲು ನೀರಿನಲ್ಲಿ ನಡೆದು, ಸತ್ತು ಬಿದ್ದ ಮೀನುಗಳ ತಲೆ ಸೀಳಿ ಕಿವಿಗಲ್ಲು ತೆಗೆಯುವ ಕೆಲಸ. ಗೆರೆಯಿರುವವು ಎಷ್ಟು, ಗೆರೆಯಿಲ್ಲದವು ಎಷ್ಟು. ಅದರಲ್ಲಿ ಇವಳೇ ನೀರು ಹೊಯ್ದು ತಿರುವಿದ ಬಕೆಟಿನವೂ ಇರಬಹುದು.

“ಅಲ್ಲಿ ಒಬ್ಬೊಬ್ರೇ ನಡೀತೀರಾ?” ಎಂದೆ.

“ಇಲ್ಲ, ಇಬ್ಬಿಬ್ರು. ಗಟ್ಟಿಯಾಗಿ ಮಾತಾಡ್ತಾ ಹೋಗ್ಬೇಕು. ಹೊಳೆ ತುಂಬ ಕರಡಿ ಇರ್ತದೆ, ನಾವು ಬರೋದು ಅದಕ್ಕೆ ಮೊದ್ಲೇ ಗೊತ್ತಾಗ್ಬೇಕು. ಸೊಂಟಕ್ಕೆ ಮೆಣಸಿನ ಸ್ಪ್ರೇ ಕಟ್ಟಿಕೊಂಡಿರ್ತೇವೆ” ಎಂದು ಒಣಗಿದ ಕೈಗವಸು ಮಡಚುತ್ತ ಹೇಳಿದಳು. ಸ್ವಲ್ಪ ಹೊತ್ತು ಬಿಟ್ಟು, “ಬೇರೆ ಎಲ್ಲ ಹೇಳು ಚಿಕ್ಕಮ್ಮ. ಕರಡಿ ವಿಷ್ಯ ಮಾತ್ರ ಅಮ್ಮಂಗೆ ಹೇಳ್ಬೇಡ” ಅಂದಳು.